ನಲವತ್ತೇಳನೇ ಪುಟ

ಮೊದಲೇ ಹೇಳಿಬಿಡ್ತೀನಿ, ನನಗೆ ಕೆಲಸ ಬರುತ್ತೆ, ವಿನಯ ಬರಲ್ಲ. ಮೂವತ್ತಮೂರು ವರ್ಷದಿಂದ ಪ್ರೊಸೆಸರ್ ಡಿಸೈನ್ ಮಾಡ್ತಾ ಬಂದಿದ್ದೀನಿ. ಕಂಪ್ಯೂಟರಿನೊಳಗಿರೋ ದೊಡ್ಡವಲ್ಲ. ಬಟ್ಟೆ ಒಗೆಯೋ ಮೆಷಿನ್ನು, ನೀರಿನ ಮೀಟರು, ಕಾರಿನ ಬಾಗಿಲು, ಇಂಥದರೊಳಗೆ ಕೂತು ಯಾರ ಕಣ್ಣಿಗೂ ಬೀಳದೆ ದುಡಿಯೋ ಚಿಕ್ಕವು. ನಾನು ಮಾಡಿದ ಚಿಪ್ಪು ಇದುವರೆಗೆ ಒಂದೂ ವಾಪಸ್ ಬಂದಿಲ್ಲ. ಈ ಮಾತನ್ನ ದಿನಕ್ಕೆರಡು ಸಲ ಹೇಳ್ತೀನಿ ಅಂತ ಆಫೀಸಿನಲ್ಲಿ ನನ್ನ ಮೇಲೆ ದೂರಿದೆ. ಇರಲಿ ಬಿಡಿ.

ಇಂಥ ನನ್ನ ಮನೆಯಲ್ಲೇ ಅಮ್ಮ ನಾಲ್ಕು ತಿಂಗಳಿಂದ ಎಂಟನೇ ಮಹಡಿ ಬಿಟ್ಟು ಕೆಳಗಿಳಿದಿರಲಿಲ್ಲ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟು ಕೂತಿತ್ತು. ಅದರ ಕಂಟ್ರೋಲ್ ಬೋರ್ಡಿನ ಮೇಲಿದ್ದ ಹಳೇ ಪ್ರೊಸೆಸರ್ ಸುಟ್ಟುಹೋಗಿತ್ತು, ಆ ಜಾತಿಯದನ್ನ ತಯಾರಿಸೋದು ನಿಲ್ಲಿಸಿ ಹನ್ನೆರಡು ವರ್ಷವಾಗಿತ್ತು. ಅಮ್ಮನಿಗೆ ಎಂಬತ್ತೊಂದು. ಸಮನೆಲ ಕೊಟ್ಟರೆ ಕೋಲು ಹಿಡಿದು ಒಂದು ಮೈಲಿ ನಡೀತಾಳೆ, ಮೆಟ್ಟಿಲು ಮಾತ್ರ ಒಂದೂ ಆಗಲ್ಲ. ಲಿಫ್ಟ್ ಇದ್ದಾಗ ದಿನಾ ಹತ್ತು ಗಂಟೆಗೆ ಒಬ್ಬಳೇ ಇಳಿದು, ಬೀದಿ ಮೂಲೆಯ ಪೋಸ್ಟಾಫೀಸಿನ ಮುಂದಿನ ಬೆಂಚಿಗೆ ಹೋಗಿ ಕೂರೋಳು. ಪೇಪರ್ ಮಾರೋನ ಹತ್ತಿರ ಪೇಪರ್ ಕೊಂಡು, ಅದರಲ್ಲಿರೋ ಸುದ್ದಿಗೆಲ್ಲ ಅವನೇ ಕಾರಣ ಅನ್ನೋ ಹಾಗೆ ಜಗಳ ಆಡಿ, ಹನ್ನೆರಡೂವರೆಗೆ ಬರೋಳು. ಎಲ್ಲಿಗೆ ಹೋಗಿದ್ದೆ ಅಂದರೆ "ಕೆಲಸ ಇತ್ತು" ಅನ್ನೋಳು. ಅಷ್ಟೇ ಉತ್ತರ.

ಲಿಫ್ಟ್ ನಿಂತ ಮೇಲೆ ಕೆಳಗಿನ ಮನೆಯ ಇಬ್ಬರು ಗಟ್ಟಿ ಹುಡುಗರು ಕುರ್ಚಿಯಲ್ಲಿ ಕೂರಿಸಿ ಇಳಿಸ್ತೀವಿ ಅಂತ ಬಂದರು. ಅಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಅವರು ಹೋದ ಮೇಲೆ ನನಗೆ ಹೇಳಿದ್ದು ಇಷ್ಟು:

"ನನ್ನನ್ನ ಹೊತ್ಕೊಂಡು ಇಳಿಸೋದು ಒಂದೇ ಸಲ ಕಣೇ. ಅದು ನನಗೆ ಗೊತ್ತಾಗದ ದಿನ."

ಇನ್ನೊಂದು ವಿಷಯ ಅವಳು ಮರೀಲಿಲ್ಲ, ನನಗೂ ಮರೆಯೋಕೆ ಬಿಡಲಿಲ್ಲ. ಆ ಹಳೇ ಚಿಪ್ಪು ನನ್ನ ಮೇಜಿನ ಡ್ರಾಯರಿನಲ್ಲಿ ಎರಡು ಇದ್ದವು. ನಮ್ಮ ಲಿಫ್ಟ್ ಕೆಡೋ ಎರಡು ವಾರ ಮುಂಚೆ ಒಂದು ಆಸ್ಪತ್ರೆಯ ಲಿಫ್ಟ್ ನಿಂತಿತ್ತು. ಅವರಿಗೆ ಒಂದು, ಅದೂ ಸುಟ್ಟರೆ ಇರಲಿ ಅಂತ ಇನ್ನೊಂದು, ಎರಡನ್ನೂ ಎತ್ತಿ ಕೊಟ್ಟುಬಿಟ್ಟಿದ್ದೆ. "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂತ ಅಮ್ಮ ಬೆಳಿಗ್ಗೆ ಹಲ್ಲುಜ್ಜೋವಾಗಿಂದ ಶುರು ಮಾಡೋಳು.

ನಾನೇನು ಸುಮ್ಮನೆ ಕೂತಿರಲಿಲ್ಲ. ನಮ್ಮ ಲಿಫ್ಟ್ ಹಾಕಿದ ಕಂಪನಿಯವರ ಇಂಥವೇ ಲಿಫ್ಟು ಮುನ್ನೂರು ಕಟ್ಟಡದಲ್ಲಿದ್ದವು, ಎಲ್ಲ ಕಡೆ ಚಿಪ್ಪು ಒಂದೊಂದಾಗಿ ಸಾಯ್ತಿತ್ತು. ಪ್ರೋಗ್ರಾಂ ಹೊಸದಾಗಿ ಬರೆಸೋ ಹಾಗಿಲ್ಲ, ಯಾಕಂದರೆ ಲಿಫ್ಟಿನ ಪ್ರೋಗ್ರಾಮಿಗೆ ಸುರಕ್ಷತೆಯವರ ಒಪ್ಪಿಗೆ ಬೇಕು, ಒಂದಕ್ಷರ ಬದಲಾದರೂ ಮತ್ತೆ ಮೊದಲಿಂದ ಪರೀಕ್ಷೆ, ಎರಡು ವರ್ಷ. ಹಾಗಾಗಿ ಅವರು ನಮ್ಮ ಹತ್ತಿರ ಬಂದರು. ಹಳೇ ಪ್ರೋಗ್ರಾಮನ್ನ ಇದ್ದಹಾಗೇ ಓಡಿಸಬೇಕು, ಹೊಸ ಪ್ರೋಗ್ರಾಮನ್ನೂ ಓಡಿಸಬೇಕು, ಅಂಥ ಚಿಪ್ಪು ಮಾಡಿಕೊಡಿ ಅಂದರು. ಮಾಡ್ತೀನಿ ಅಂದೆ.

ಇದರಲ್ಲಿ ಏನು ಕಷ್ಟ ಅಂತ ಹೇಳ್ತೀನಿ. ಪ್ರತಿ ಪ್ರೊಸೆಸರಿಗೂ ಗೊತ್ತಿರೋದು ಒಂದಿಷ್ಟು ಆಜ್ಞೆ: ಕೂಡಿಸು, ಕಳೆ, ಅಲ್ಲಿಂದ ತಾ, ಇಲ್ಲಿಡು. ಒಂದು ಜಾತಿಯ ಆಜ್ಞೆ ಇನ್ನೊಂದು ಜಾತಿಗೆ ಅರ್ಥವಾಗಲ್ಲ. ನಾನು ಒಂದೇ ಮನೆಗೆ ಎರಡು ಬಾಗಿಲಿಟ್ಟೆ. ಹಳೇ ಆಜ್ಞೆ ಒಂದರಿಂದ ಬರುತ್ತೆ, ಹೊಸದು ಇನ್ನೊಂದರಿಂದ, ಒಳಗೆ ಅಡುಗೆ ಮಾಡೋಳು ಒಬ್ಬಳೇ. ಹಳೇ ಬಾಗಿಲಲ್ಲಿ ಒಂದು ಪಟ್ಟಿ ಇರುತ್ತೆ, ಇಂಥ ಆಜ್ಞೆ ಬಂದರೆ ಒಳಗೆ ಇಂತಿಂಥದು ಮಾಡು ಅಂತ. ಒಟ್ಟು ನೂರ ಹನ್ನೆರಡು ಆಜ್ಞೆ. ಆ ಪಟ್ಟಿಯನ್ನ ಹಳೇ ಚಿಪ್ಪಿನ ಕೈಪಿಡಿ ಮುಂದಿಟ್ಟುಕೊಂಡು ಅಕ್ಷರ ಬಿಡದೆ ತುಂಬಿದೆ.

ಆ ಕೈಪಿಡಿಯ ಮೇಲೆ ನನಗೆ ಅಷ್ಟು ನಂಬಿಕೆ ಯಾಕಂದರೆ ಅದನ್ನ ಬರೆದವಳೇ ನಾನು. ಇಪ್ಪತ್ತಮೂರನೇ ವಯಸ್ಸಿಗೆ ನನ್ನ ಮೊದಲ ಕೆಲಸ ಆ ಚಿಪ್ಪು ಮಾಡಿದ ಕಂಪನಿಯಲ್ಲಿ, ಮೊದಲ ಜವಾಬ್ದಾರಿ ಆ ಪುಸ್ತಕ. ಕಂಪನಿ ಮುಚ್ಚಿಹೋಯ್ತು, ಪುಸ್ತಕ ಉಳಿದಿದೆ.

ನಮ್ಮ ತಂಡದಲ್ಲಿ ಒಬ್ಬಳಿದ್ದಾಳೆ, ಮೂವತ್ತು ವರ್ಷದವಳು. ನಾವು ಮಾಡಿದ್ದರಲ್ಲಿ ತಪ್ಪು ಹುಡುಕೋದೇ ಅವಳ ಉದ್ಯೋಗ. ಎಲ್ಲರೂ ಅವಳನ್ನ ಅನುಮಾನ ಅಂತಲೇ ಕರೆಯೋದು, ಅವಳಿಗೂ ಅದು ಬೇಜಾರಿಲ್ಲ. ಮೂರು ವಾರದ ಹಿಂದೆ ಅವಳು ಬಂದು, ನಿಜವಾದ ಹಳೇ ಚಿಪ್ಪಿನ ಪಕ್ಕ ನಮ್ಮದನ್ನ ಇಟ್ಟು ಒಂದೊಂದು ಆಜ್ಞೆಯನ್ನೂ ಹೋಲಿಸಿ ನೋಡಬೇಕು, ಆಸ್ಪತ್ರೆಯವರ ಹತ್ತಿರ ಒಂದು ಸುಮ್ಮನೆ ಇದೆಯಲ್ಲ, ಎರಡು ದಿನಕ್ಕೆ ಕೇಳಿ ತರಲಾ ಅಂದಳು. ಬೇಡ ಅಂದೆ. "ಪುಸ್ತಕ ಬರೆದವಳು ಎದುರಿಗೇ ಕೂತಿದ್ದೀನಿ, ನನ್ನ ಮೇಲೂ ಅನುಮಾನವಾ?" ಅಂತ ನಕ್ಕೆ. ಅವಳು ನಗಲಿಲ್ಲ.

ಡಿಸೈನ್ ಶುಕ್ರವಾರ ಫ್ಯಾಕ್ಟರಿಗೆ ಹೋಗಬೇಕಿತ್ತು. ಹೋಯಿತು ಅಂದರೆ ಬಿಟ್ಟ ಬಾಣ, ಆಮೇಲೆ ಒಂದು ಗೆರೆ ತಿದ್ದೋಕಾಗಲ್ಲ. ಆ ವಾರ ತಪ್ಪಿದರೆ ನಮ್ಮ ಸರದಿ ಮತ್ತೆ ಏಳು ತಿಂಗಳಿಗೆ. ಕಳಿಸೋ ಮುಂಚೆ ಡಿಸೈನನ್ನ ಒಂದು ಪರೀಕ್ಷೆ ಬೋರ್ಡಿಗೆ ತುಂಬಿ ನಿಜವಾದ ಲಿಫ್ಟಿಗೆ ಕಟ್ಟಿ ನೋಡೋದು ಅಂತ ಆಯ್ತು. ಯಾವ ಲಿಫ್ಟು ಅಂತ ಕೇಳ್ತಿದ್ದ ಹಾಗೇ ನಮ್ಮ ಕಟ್ಟಡದ್ದು ಅಂದೆ. ಪರೀಕ್ಷೆ ಪಾಸಾದರೆ, ಚಿಪ್ಪು ತಯಾರಾಗಿ ಬರೋವರೆಗೂ ಆ ಬೋರ್ಡಿನ ಮೇಲೇ ಲಿಫ್ಟ್ ಓಡಿಸಬಹುದು ಅಂತ ಸುರಕ್ಷತೆಯವರ ಇನ್ಸ್‌ಪೆಕ್ಟರ್ ಒಪ್ಪಿದ್ದರು. ಫೇಲಾದರೆ ಅಮ್ಮ ಇನ್ನೂ ಏಳು ತಿಂಗಳು ಕಿಟಕಿಯಲ್ಲಿ.

ಮಂಗಳವಾರ ಬೆಳಿಗ್ಗೆ ಲಿಫ್ಟ್ ಮೆಕ್ಯಾನಿಕ್ಕು, ಅನುಮಾನ ಇಬ್ಬರೂ ಮೇಲಿನ ಮೋಟಾರ್ ಕೋಣೆಯಲ್ಲಿ ಒಂದು ಸ್ಟೂಲಿನ ಮೇಲೆ ಬೋರ್ಡಿಟ್ಟು ವೈರು ಸೇರಿಸಿದರು. ಕೆಳಗೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಮೇಷ್ಟ್ರು ಕೂತಿದ್ದರು. ಆ ಲಿಫ್ಟಿನ ಪ್ರೋಗ್ರಾಂ ಬರೆದವರು ಅವರೇ, ರಿಟೈರಾಗಿ ಹದಿನೈದು ವರ್ಷ. ಲಿಫ್ಟ್ ಕಂಪನಿಯವರಿಗೆಲ್ಲ ಕೆಲಸ ಕಲಿಸಿದ್ದಕ್ಕೆ ಮೇಷ್ಟ್ರು ಅನ್ನೋ ಹೆಸರು ಅಂಟಿಕೊಂಡಿದೆ. ಬಹಳ ಮೆತ್ತಗಿನ ಮನುಷ್ಯ, ಹಳೇ ಫೈಲೊಂದು ಸದಾ ಕಂಕುಳಲ್ಲಿ.

ಖಾಲಿ ಲಿಫ್ಟ್ ಇಪ್ಪತ್ತು ಸಲ ಹತ್ತಿ ಇಳಿಯಿತು. ಪ್ರತಿ ಮಹಡಿಯಲ್ಲೂ ನೆಲಕ್ಕೆ ನೆಲ ಕೂಡಿಸಿ ನಿಂತಿತು. ನಾನು ಎಂಟನೇ ಮಹಡಿಯಲ್ಲಿ ಬೀಗುತ್ತಾ ನಿಂತಿದ್ದೆ. ಅಮ್ಮ ಒಂಬತ್ತಕ್ಕೇ ತಲೆ ಬಾಚಿ, ಹೊರಗೆ ಹೋಗೋ ಚಪ್ಪಲಿ ಮೆಟ್ಟಿ, ಚೀಲ ಕೋಲು ಹಿಡಿದು ಬಾಗಿಲಲ್ಲಿ ತಯಾರಾಗಿದ್ದಳು. ಮೊದಲು ನಾನೊಂದು ಸಲ ಹೋಗಿ ಬರ್ತೀನಿ, ಆಮೇಲೆ ನೀನು ಅಂತ ಹೇಳಿ ಹತ್ತಿ, ಕೆಳಗಿನ ಗುಂಡಿ ಒತ್ತಿದೆ.

ಕೆಳಗೆ ಬಾಗಿಲು ತೆಗೀತು. ರಾಣಿ ಹಾಗೆ ಕಾಲು ಮುಂದಿಟ್ಟೆ. ಕಾಲ್ಬೆರಳು ನೆಲದ ಅಂಚಿಗೆ ಬಡಿದು, ಮುಗ್ಗರಿಸಿ, ಮೇಷ್ಟ್ರ ಕುರ್ಚಿಯ ಮುಂದೆ ಎರಡೂ ಕೈ ಊರಿ ಬಿದ್ದೆ. ಲಿಫ್ಟ್ ನೆಲಕ್ಕಿಂತ ನಾಲ್ಕು ಬೆರಳು ಕೆಳಗೆ ನಿಂತಿತ್ತು.

ಮರಳಿನ ಚೀಲ ಹಾಕಿ ಇಳಿಸಿದರು, ಮತ್ತೆ ನಾಲ್ಕು ಬೆರಳು. ಖಾಲಿ ಇಳಿಸಿದರು, ಸರಿಯಾಗಿ ನಿಂತಿತು. ಹತ್ತೋವಾಗ ತೂಕವಿದ್ದರೂ ಸರಿ, ಇಳಿಯೋವಾಗ ತೂಕವಿದ್ದರೆ ತಪ್ಪು. ಇನ್ಸ್‌ಪೆಕ್ಟರ್ ತಲೆಯಾಡಿಸಿ ಯಾರೂ ಹತ್ತಬಾರದು ಅಂತ ಬಾಗಿಲಿಗೆ ಚೀಟಿ ಅಂಟಿಸಿದರು. ನಾನು ಮೆಟ್ಟಿಲು ಹತ್ತಿ ಮನೆಗೆ ಹೋದೆ. ಅಮ್ಮ ಅಷ್ಟರಲ್ಲಿ ಚಪ್ಪಲಿ ಬಿಚ್ಚಿ ಸ್ಟ್ಯಾಂಡಿನಲ್ಲಿ ಜೋಡಿಸಿಟ್ಟು, ಕಿಟಕಿ ಹತ್ತಿರ ಕೂತಿದ್ದಳು. ಬೈದಿದ್ದರೆ ಎಷ್ಟೋ ಚೆನ್ನಾಗಿರೋದು. ಗಾದೆ ಇಲ್ಲ, ಮಾತಿಲ್ಲ, ಬೀದಿ ನೋಡ್ತಾ ಕೂತಿದ್ದಳು. ಸುಳ್ಳು ಯಾಕೆ ಹೇಳಲಿ, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತೆ.

ಅತ್ತಾದ ಮೇಲೆ ಎಂದಿನಂತೆ ಕೋಪ ಬಂತು. ಮಧ್ಯಾಹ್ನದ ಹೊತ್ತಿಗೆ ಅನುಮಾನ ತಪ್ಪು ನಡೆಯೋ ಜಾಗ ಹಿಡಿದಿದ್ದಳು. ಸ್ಕೂಲಿನಲ್ಲಿ ಕೂಡೋ ಲೆಕ್ಕ ಮಾಡೋವಾಗ ಒಂಬತ್ತಕ್ಕೆ ನಾಲ್ಕು ಕೂಡಿದರೆ ಮೂರು ಬರೆದು, ಕೈಲಿ ಒಂದು ಅಂತೀವಲ್ಲ, ಪ್ರೊಸೆಸರೂ ಹಾಗೇ ಕೈಲಿ ಒಂದು ಇಟ್ಟುಕೊಳ್ಳುತ್ತೆ. ಲಿಫ್ಟಿನೊಳಗೆ ಜನ ಹತ್ತಿದಾಗ ತೂಕದ ಲೆಕ್ಕ ಮಾಡಿ ಕೈಲಿ ಒಂದು ಉಳಿಯುತ್ತೆ. ಇಳಿಯೋವಾಗ ಇನ್ನೆಷ್ಟು ದೂರ ಅಂತ ಎಣಿಸೋಕೆ "ಒಂದು ಕಳೆ" ಅನ್ನೋ ಪುಟ್ಟ ಆಜ್ಞೆ ಬರುತ್ತೆ. ನಮ್ಮ ಚಿಪ್ಪಿನಲ್ಲಿ ಆ ಆಜ್ಞೆ ಕೈಲಿದ್ದ ಒಂದನ್ನ ಮುಟ್ಟಲ್ಲ, ಅದು ಹೋಗಿ ದೂರದ ಲೆಕ್ಕಕ್ಕೆ ಸೇರಿಕೊಳ್ಳುತ್ತೆ, ಲಿಫ್ಟ್ ಒಂದು ಗೆರೆ ಹೆಚ್ಚಿಗೆ ಇಳಿಯುತ್ತೆ. ಆ ಒಂದು ಗೆರೆಯೇ ನಾಲ್ಕು ಬೆರಳು.

ಕೈಪಿಡಿ ತೆಗೆದೆ. ನಲವತ್ತೇಳನೇ ಪುಟ. "ಈ ಆಜ್ಞೆಯು ಕೈಲಿರುವ ಒಂದನ್ನು ಬದಲಿಸುವುದಿಲ್ಲ." ಸ್ಪಷ್ಟವಾಗಿದೆ. ನಮ್ಮದು ಪುಸ್ತಕದ ಪ್ರಕಾರವೇ ಇದೆ, ಪ್ರೋಗ್ರಾಮೇ ತಪ್ಪು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬೇಡಿ ಅಂತ ಮೇಷ್ಟ್ರ ಮುಂದೆ ನಿಂತು ಗಟ್ಟಿಯಾಗಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಕೇಳಿದರು:

"ಈ ಪ್ರೋಗ್ರಾಂ ಮೂವತ್ತು ವರ್ಷ ಮುನ್ನೂರು ಕಟ್ಟಡದಲ್ಲಿ ಸರಿಯಾಗಿ ನಿಂತಿದೆಯಮ್ಮ. ಆ ಪುಸ್ತಕ ಎಷ್ಟು ಕಟ್ಟಡದಲ್ಲಿ ನಿಂತಿದೆ?"

ನಾನು ದನಿ ಇನ್ನೂ ಏರಿಸಿದೆ. ಅವರು ಏರಿಸಲಿಲ್ಲ. ಆ ಪುಟದ ಬಗ್ಗೆ ಆ ಕಾಲದಲ್ಲೇ ಚಿಪ್ಪಿನ ಕಂಪನಿಗೆ ಒಂದು ಕಾಗದ ಬರೆದಿದ್ದರಂತೆ, ಜವಾಬೂ ಬಂದಿತ್ತಂತೆ, ಹುಡುಕಿ ನಾಳೆ ತರ್ತೀನಿ ಅಂತ ಹೇಳಿ ಫೈಲು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಅನುಮಾನ ನನ್ನ ಕಡೆ ನೋಡಿದಳು. ಕುಣೀಲಾರದೋಳು ನೆಲ ಡೊಂಕು ಅಂದಳಂತೆ, ಅಂತ ಅವಳ ಮುಖದ ಮೇಲೇ ಬರೆದಿತ್ತು.

ಬುಧವಾರ ಬೆಳಿಗ್ಗೆ ಆಫೀಸಿನಲ್ಲಿ ನಾವು ಮೂರೇ ಜನ. ಮೇಷ್ಟ್ರು ಎರಡು ಹಾಳೆ ಮೇಜಿನ ಮೇಲಿಟ್ಟರು. ಒಂದು ಅವರ ಕಾಗದದ ನಕಲು: "ಒಂದು ಕಳೆ" ಆಜ್ಞೆ ಕೊಟ್ಟರೆ ಚಿಪ್ಪು ಕೈಲಿದ್ದ ಒಂದನ್ನ ಕೆಳಗೆ ಹಾಕಿಬಿಡುತ್ತೆ, ಪುಸ್ತಕದಲ್ಲಿ ಹಾಗಿಲ್ಲ, ದಯವಿಟ್ಟು ನೋಡಿ. ಇನ್ನೊಂದು ಜವಾಬು. ಅದನ್ನ ಅನುಮಾನ ಎತ್ತಿಕೊಂಡು ಜೋರಾಗಿ ಓದಿದಳು: "ಚಿಪ್ಪು ಸರಿಯಾಗಿದೆ. ನಲವತ್ತೇಳನೇ ಪುಟವನ್ನು ಇನ್ನೊಮ್ಮೆ ಗಮನವಿಟ್ಟು ಓದಿರಿ. ಓದಿದ ಮೇಲೂ ಅರ್ಥವಾಗದಿದ್ದರೆ ತಿಳಿದವರನ್ನು ಕೇಳಿರಿ." ಅಲ್ಲಿಗೆ ನಿಲ್ಲಿಸಿದಳು. ಕೆಳಗಿನ ಸಹಿ ನೋಡ್ತಿದ್ದಳು. ಆ ಸಹಿಯನ್ನ ಅವಳು ಆರು ವರ್ಷದಿಂದ ತನ್ನ ರಜೆ ಅರ್ಜಿಗಳ ಮೇಲೆ ನೋಡಿದ್ದಾಳೆ. ಕೊನೆಯಲ್ಲಿ ಕೆಳಗೆ ಎಳೆದ ಉದ್ದ ಬಾಲ, ಬೇರೆ ಯಾರದ್ದೂ ಆಗೋಕೆ ಸಾಧ್ಯವಿಲ್ಲ.

ಮೇಷ್ಟ್ರು ತಮ್ಮಷ್ಟಕ್ಕೆ ಹೇಳ್ತಿದ್ದರು. ಆ ಜವಾಬನ್ನ ಅವರ ಮೇಲಿನವರು ಮೀಟಿಂಗಿನಲ್ಲಿ ಎಲ್ಲರ ಮುಂದೆ ಓದಿದರಂತೆ. ಪುಸ್ತಕ ಓದೋಕೆ ಬಾರದವರು ಅಂತ ನಕ್ಕರಂತೆ. ಮುಂದಿನ ಹೊಸ ಲಿಫ್ಟಿನ ಕೆಲಸ ಬೇರೆಯವರಿಗೆ ಹೋಯಿತಂತೆ. ಇವರು ಮಾತ್ರ ಪುಸ್ತಕ ಪಕ್ಕಕ್ಕಿಟ್ಟು, ಚಿಪ್ಪು ನಿಜವಾಗಿ ಮಾಡೋದನ್ನೇ ನಂಬಿ ಪ್ರೋಗ್ರಾಂ ಮುಗಿಸಿದರಂತೆ, ಪುಸ್ತಕ ಏನೇ ಹೇಳಲಿ, ಲಿಫ್ಟ್ ನೆಲದ ಮಟ್ಟಕ್ಕೆ ನಿಲ್ಲಬೇಕು ಅಂತ. ಯಾರ ಜವಾಬು ಅಂತ ಇವತ್ತಿಗೂ ಗೊತ್ತಿಲ್ಲ, ನಿಮಗೆ ಆ ಕಂಪನಿಯವರ ಪರಿಚಯ ಇರಬಹುದಲ್ಲ ಅಂದರು.

"ಸಹಿ ಓದೋಕಾಗ್ತಿಲ್ಲ," ಅಂದಳು ಅನುಮಾನ.

ಹುಟ್ಟಿದಾಗಿನಿಂದ ಸುಳ್ಳು ಹೇಳಿದವಳಲ್ಲ, ನನಗೋಸ್ಕರ ಹೇಳಿದಳು. ನಾನು ಸುಮ್ಮನಿದ್ದಿದ್ದರೆ ಮುಗಿದುಹೋಗ್ತಿತ್ತು. ಪಟ್ಟಿಯಲ್ಲಿ ಒಂದು ಸಾಲು ತಿದ್ದಬೇಕು, ತಿದ್ದಿದರೆ ಲಿಫ್ಟ್ ನಿಲ್ಲುತ್ತೆ, ಯಾರಿಗೂ ಏನೂ ತಿಳಿಯಲ್ಲ. ಆದರೆ ಅವಳ ಬಾಯಿಂದ ಸುಳ್ಳು ಹೇಳಿಸಿ ನಾನು ಅಲ್ಲಿ ಹೇಗೆ ಕೂರಲಿ?

"ನನಗಾಗುತ್ತೆ," ಅಂದೆ. "ನನ್ನದೇ ಸಹಿ ಮೇಷ್ಟ್ರೇ. ಪುಸ್ತಕ ಬರೆದವಳೂ ನಾನೇ, ನಿಮಗೆ ಹೀಗೆ ಬರೆದವಳೂ ನಾನೇ."

ಮಿಕ್ಕಿದ್ದನ್ನೂ ಹೇಳಿದೆ. ಚಿಪ್ಪು ಕೈಗೆ ಬರೋ ಮುಂಚೆ ಡಿಸೈನಿನ ನಕ್ಷೆ ನೋಡಿ ಪುಸ್ತಕ ಬರೆದಿದ್ದೆ. ಕೊನೇ ಗಳಿಗೆಯಲ್ಲಿ ಯಾರೋ ಜಾಗ ಉಳಿಸೋಕೆ ಒಳಗೆ ಏನೋ ಬದಲಿಸಿದ್ದರು. ಚಿಪ್ಪು ಬಂದ ಮೇಲೆ ದೊಡ್ಡ ದೊಡ್ಡ ಆಜ್ಞೆಗಳನ್ನೆಲ್ಲ ಓಡಿಸಿ ನೋಡಿದೆ, "ಒಂದು ಕಳೆ"ಯಲ್ಲಿ ತಪ್ಪೋಕೆ ಏನಿದೆ ಅಂತ ಅದನ್ನ ಬಿಟ್ಟೆ. ಅವರ ಕಾಗದ ಬಂದ ದಿನ ಚಿಪ್ಪು ನನ್ನ ಮೇಜಿನ ಮೇಲೇ ಇತ್ತು. ಐದು ನಿಮಿಷದ ಕೆಲಸ. ಐದು ನಿಮಿಷ ಕೊಡದೆ ಮೂರು ಸಾಲು ಗೀಚಿ ಕಳಿಸಿದ್ದೆ.

"ಹೊಟ್ಟೆಗೆ ಹಾಕ್ಕೊಳ್ಳಿ," ಅಂದೆ. ಆ ಮಾತು ನನ್ನ ಬಾಯಿಂದ ಬಂದಿದ್ದು ನೆನಪಿರೋ ಮಟ್ಟಿಗೆ ಅದೇ ಮೊದಲು.

ಆಗ ನಿಮಗೆಷ್ಟು ವಯಸ್ಸು ಅಂತ ಮೇಷ್ಟ್ರು ಕೇಳಿದರು. ಇಪ್ಪತ್ತಮೂರು ಅಂದೆ. ಯಾರೋ ಗಡ್ಡದ ದೊಡ್ಡಮನುಷ್ಯ ಅಂದುಕೊಂಡು ಇಷ್ಟು ವರ್ಷ ಬೈದು ಬೈದು ಇಟ್ಟಿದ್ದೆನಲ್ಲ, ಅಷ್ಟೂ ಒಂದು ಹುಡುಗಿಗೆ ಹೋಗಿ ಸೇರ್ತಿತ್ತಾ ಅಂತ ನಗೋಕೆ ಶುರು ಮಾಡಿದರು. ನಕ್ಕಾದ ಮೇಲೆ ಕಣ್ಣೊರೆಸಿಕೊಂಡು ಆ ಹಾಳೆಯನ್ನ ನನ್ನ ಕಡೆ ತಳ್ಳಿದರು.

"ಬಾಯಿಮಾತು ಬೇಡ. ಅದು ಬರಹದಲ್ಲಿ ಬಂದಿತ್ತು, ಇದೂ ಬರಹದಲ್ಲೇ ಬರಲಿ."

ನನ್ನ ಹಳೇ ಸಹಿಯ ಕೆಳಗೆ ಬರೆದೆ: "ನಲವತ್ತೇಳನೇ ಪುಟ ತಪ್ಪು. ನೀವು ಹೇಳಿದ್ದು ಸರಿ." ಕೆಳಗೆ ಅದೇ ಬಾಲದ ಸಹಿ ಹಾಕಿದೆ. ಅವರು ದಿನಾಂಕ ಹಾಕಿಸಿಕೊಂಡು ಫೈಲಿಗೆ ಸೇರಿಸಿದರು.

ಆಮೇಲೆ ಕೆಲಸ. ಹಳೇ ಬಾಗಿಲಿನ ಪಟ್ಟಿಯಲ್ಲಿ ಒಂದೇ ಸಾಲು: "ಒಂದು ಕಳೆ" ಬಂದರೆ ಕೈಲಿರೋ ಒಂದನ್ನ ಕೆಳಗೆ ಹಾಕು. ಹಳೇ ಚಿಪ್ಪಿನ ತಪ್ಪು ಅಂತ ಗೊತ್ತಿದ್ದೂ ಬೇಕೂಂತ ಡಿಸೈನಿನೊಳಗೆ ಇಟ್ಟಿದ್ದು ನನ್ನ ಜನ್ಮದಲ್ಲಿ ಅದೊಂದೇ. ಅಷ್ಟಕ್ಕೆ ಬಿಡಬಾರದು ಅಂತ ಅನುಮಾನಳನ್ನ ಕರೆದು, ಆಸ್ಪತ್ರೆಗೆ ಹೋಗಿ ಆ ಚಿಪ್ಪು ಕೇಳಿ ತಗೊಂಡು ಬಾ, ನೀನು ಮೂರು ವಾರದ ಹಿಂದೆ ಹೇಳಿದ್ದನ್ನ ಮಾಡು ಅಂದೆ. ನನ್ನ ಮಾತು ಮುಗಿಯೋ ಮುಂಚೆ ಅವಳು ಬಾಗಿಲಲ್ಲಿದ್ದಳು. ಸಂಜೆಯೊಳಗೆ ನೂರ ಹನ್ನೆರಡು ಆಜ್ಞೆಯನ್ನೂ ಪಕ್ಕಪಕ್ಕ ಓಡಿಸಿ ನೋಡಿದಳು. ತಿದ್ದಿದ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಮಿಕ್ಕ ನೂರ ಹನ್ನೊಂದೂ ನಾನು ಬರೆದ ಹಾಗೇ ಇದ್ದವು, ಅದನ್ನೂ ಹೇಳಬೇಕಲ್ಲ.

ಗುರುವಾರ ಬೆಳಿಗ್ಗೆ ಮರಳಿನ ಚೀಲ ಹಾಕಿ ಹನ್ನೆರಡು ಸಲ ಇಳಿಸಿದರು. ಆಮೇಲೆ ಮೆಕ್ಯಾನಿಕ್ಕು ಇಳಿದ, ಇನ್ಸ್‌ಪೆಕ್ಟರ್ ಇಳಿದರು, ನಾನು ಇಳಿದೆ. ಪ್ರತಿ ಸಲವೂ ಬಾಗಿಲು ತೆಗೆದ ಕೂಡಲೇ ಎಲ್ಲರೂ ಬಗ್ಗಿ ಕಾಲಬುಡ ನೋಡೋದು, ಆಮೇಲೆ ಹೆಜ್ಜೆ ಇಡೋದು. ಒಂದು ಸಲವೂ ತಪ್ಪಲಿಲ್ಲ. ಇನ್ಸ್‌ಪೆಕ್ಟರ್ ಟೇಪು ಹಿಡಿದು ಅಳೆದು, ಬಾಗಿಲಿನ ಚೀಟಿ ಕಿತ್ತುಹಾಕಿದರು. ಶುಕ್ರವಾರ ಡಿಸೈನ್ ಹೋಗುತ್ತೆ ಅಂತ ಆಫೀಸಿಗೆ ಫೋನ್ ಮಾಡಿ ಮೇಲೆ ಹೋದೆ.

ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿ ಪೂರ್ತಿ ಕೇಳಿದಳು. ಅಂದರೆ ಇಲ್ಲದ್ದನ್ನ ಬರೆದೆ, ತಪ್ಪು ಅಂದವರನ್ನ ಬೈದೆ, ಈಗ ಆ ಹಳೇ ಚಿಪ್ಪಿನ ತಪ್ಪನ್ನೇ ಬೇಕೂಂತ ಮಾಡಿದೀಯ ಅಂದಳು. ಹೂಂ ಅಂದೆ.

"ಸರಿಯಾಗಿ ಮಾಡಿದೀಯಾ?"

"ಸರಿಯಾಗೇ ಮಾಡಿದೀನಿ ಅಮ್ಮ."

ಎದ್ದು ಹೋಗಿ ಸ್ಟ್ಯಾಂಡಿನಿಂದ ಚಪ್ಪಲಿ ತೆಗೆದಳು. ನಾನೂ ಮೆಟ್ಟಿಕೊಳ್ಳೋಕೆ ಹೋದೆ, ಕೋಲು ಅಡ್ಡ ಹಿಡಿದಳು. ನಾಲ್ಕು ತಿಂಗಳು ನಿನ್ನ ಮುಖ ನೋಡಿದ್ದು ಸಾಕು, ನೀನು ಬರಬೇಡ ಅಂದಳು. ಒಳಗೆ ಹೋಗಿ ತಾನೇ ಗುಂಡಿ ಒತ್ತಿದಳು. ಬಾಗಿಲ ಮೇಲಿನ ಅಂಕಿ ಏಳು, ಆರು, ಐದು ಅಂತ ಇಳಿಯೋವಾಗ ನಾನು ಒಂದೊಂದನ್ನೂ ಎಣಿಸ್ತಾ ನಿಂತಿದ್ದೆ. ಮಾಡಿದ್ದರ ಮೇಲೆ ನಂಬಿಕೆ ಇತ್ತು, ಆದರೂ ಹೋಗ್ತಿದ್ದವಳು ಅಮ್ಮ. ಅವತ್ತೂ ಕೆಳಗೆ ಬಂದು ಕೂತಿದ್ದ ಮೇಷ್ಟ್ರು ಫೋನ್ ಮಾಡಿ ಹೇಳಿದರು, ಸಮಕ್ಕೆ ನಿಂತಿದೆ, ನಿಮ್ಮಮ್ಮ ಹೋದರು, ಕೈ ಕೊಡೋಕೆ ಹೋದರೆ ತಗೊಳ್ಳಲಿಲ್ಲ ಅಂತ. ಕಿಟಕಿಗೆ ಓಡಿದೆ. ಅವಳು ಆಗಲೇ ಅರ್ಧ ಬೀದಿ ದಾಟಿದ್ದಳು.

ಹನ್ನೆರಡೂವರೆಗೆ ಅಂಕಿ ಹತ್ತಿಕೊಂಡು ಬಂದು ಎಂಟರಲ್ಲಿ ನಿಂತಿತು. ಬಾಗಿಲು ತೆಗೀತು. ನನ್ನ ಕಣ್ಣು ತಾನಾಗಿ ಲಿಫ್ಟಿನ ಅಂಚಿಗೆ ಹೋಯಿತು. ಅಮ್ಮ ಕಂಕುಳಲ್ಲಿ ಪೇಪರ್ ಇಟ್ಟುಕೊಂಡು, ನೆಲದ ಕಡೆ ಒಂದು ಸಲವೂ ನೋಡದೆ ಹೆಜ್ಜೆ ಹಾಕಿ ಹೊರಗೆ ಬಂದಳು.

ಇಷ್ಟು ಹೊತ್ತು ಎಲ್ಲಿದ್ದೆ ಅಂತ ಕೇಳಿದೆ.

"ಕೆಲಸ ಇತ್ತು," ಅಂದಳು.